ನಾನು ದುಭಾಷಿಯಾದ ದಿನ

ಕಾರವಾರದಲ್ಲಿ ನನ್ನ ಕೈಕೆಳಗೆ ಕಲಿತವರಿಗೆ ನನ್ನ ಕೊಂಕಣಿಯ ಪಾಡು ನೆನಪಿರಬಹುದು. ಅಂಕೋಲೆಯ ಕನ್ನಡದ ಮನೆಯಿಂದ ಬಂದ ನಾನು ಅದನ್ನು ಕಲಿತದ್ದು ಮೀನುಪೇಟೆಯಲ್ಲಿ. ಬಂಗಡೆಯ ದರ ಚೌಕಾಸಿ ಮಾಡುವಷ್ಟು ಬರುತ್ತಿತ್ತು. ಕೊಂಕಣಿ ಬಲ್ಲೆನೆಂಬ ಜಂಭ ಮಾತ್ರ ಅದಕ್ಕಿಂತ ದೊಡ್ಡದಿತ್ತು.

2001ರ ದೀಪಾವಳಿಯ ನಂತರದ ಮಾತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಊರುಗಳು ತೆರವಾಗಿದ್ದವು. 1986ರಲ್ಲಿ ರಾಜೀವ ಗಾಂಧಿಯವರು ಅಡಿಗಲ್ಲಿಟ್ಟ ಯೋಜನೆಯದು. ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಮನೆ ಬಿಟ್ಟವು. ಹಾಗೆ ಎದ್ದುಬಂದ ಮನೆಯ ಹುಡುಗನೊಬ್ಬ ನನ್ನ ಒಂಬತ್ತನೆಯ ತರಗತಿಯಲ್ಲಿದ್ದ. ಪುನರ್ವಸತಿ ಕಾಲನಿಗೆ ಬಂದಂದಿನಿಂದ ಅವನ ತಾಯಿ ಊಟ ನಿದ್ದೆ ಬಿಟ್ಟಿದ್ದರು. ದೇವರಲ್ಲಿ ಪ್ರಸಾದ ಕೇಳಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಕೊನೆಗೆ ಹುಡುಗ ನನ್ನ ಬಳಿ ಬಂದ. ಮೂವರೂ ಬಸ್ಸು ಹತ್ತಿ ಘಟ್ಟದ ಮೇಲಿನ ಮನೋವೈದ್ಯರೊಬ್ಬರಲ್ಲಿಗೆ ಹೋದೆವು.

ವೈದ್ಯರು ಬಯಲುಸೀಮೆಯವರು, ಸಜ್ಜನರು. ಅವರ ಕನ್ನಡ ಆಕೆಗೆ ತಿಳಿಯದು, ಆಕೆಯ ಕೊಂಕಣಿ ಅವರಿಗೆ ತಿಳಿಯದು. ನಡುವೆ ನಾನು. ತಲೆ ಭಾರ, ಎದೆಯಲ್ಲಿ ಉರಿ ಎಂದದ್ದನ್ನೆಲ್ಲ ಸರಾಗವಾಗಿ ದಾಟಿಸಿದೆ. ಆಮೇಲೆ ಆಕೆ ಮಗನನ್ನು ಹೊರಗೆ ಕಳಿಸಿ, ನೆಲ ನೋಡುತ್ತ, 'ಜೀವ ನಾಕಾ ಜಾಲಾ' ಎಂದರು. ಜೀವ ಬೇಡವಾಗಿದೆ. ಕೆಲಸದಲ್ಲಿ ದಣಿದವರೂ ಆಡುವ ಮಾತದು. ಪೇಟೆಯಲ್ಲಿ ಎಷ್ಟೋ ಸಲ ಕೇಳಿದ್ದೆ. 'ಬಹಳ ಬೇಸರವಾಗಿದೆಯಂತೆ' ಎಂದೆ. ವೈದ್ಯರು ಅದನ್ನೇ ಬರೆದುಕೊಂಡರು. ನಿಜ ಹೇಳಬೇಕೆಂದರೆ ಇನ್ನೊಂದು ಅರ್ಥವೂ ನನಗೆ ಹೊಳೆದಿತ್ತು. ಶಿಷ್ಯನ ತಾಯಿಯ ವಿಷಯದಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟೆ.

ಹನ್ನೆರಡನೆಯ ದಿನ ನಸುಕಿನಲ್ಲಿ ರಂಪಣಿ ಬಲೆಯವರು ಆಕೆಯನ್ನು ಕಡಲಿನಿಂದ ಎತ್ತಿ ತಂದರು. ಬದುಕಿದರು. ಆತ್ಮಹತ್ಯೆಯ ಯತ್ನ ಆಗ ಶಿಕ್ಷಾರ್ಹ ಅಪರಾಧ. ಕಾಲು ಜಾರಿತೆಂದು ಎಲ್ಲರೂ ಹೇಳಿದರು.

ಎರಡನೆಯ ಸಲ ಅದೇ ವೈದ್ಯರು ನನ್ನನ್ನು ಹೊರಗೆ ಕೂರಿಸಿ, ಕಾರವಾರದ ಕಡೆಯ ನರ್ಸಬಾಯಿಯೊಬ್ಬರನ್ನು ಕರೆಸಿದರು. ಆಕೆ ಕೈ ಹಿಡಿದು, ಸಾಯಬೇಕೆನ್ನಿಸುತ್ತದೆಯೇ ಎಂದು ಕೊಂಕಣಿಯಲ್ಲಿ ನೇರವಾಗಿಯೇ ಕೇಳಿದರಂತೆ. ಆಗ ಹೊರಬಂತು: ಅತ್ತೆ ಒಪ್ಪಿಸಿಹೋದ ತುಳಸಿಕಟ್ಟೆ ಹಳೆಯ ಮನೆಯೊಡನೆ ನೆಲಸಮವಾಗಿತ್ತು, ಅಲ್ಲಿ ದೀಪವಿಡುವವರಿಲ್ಲ, ಆ ಪಾಪ ತನ್ನದೇ ಎಂದು ಆಕೆ ನಂಬಿದ್ದರು. ವೈದ್ಯರು ನಗಲಿಲ್ಲ. ಮಾತ್ರೆ ಬರೆದುಕೊಟ್ಟು, ಮೊದಲು ಅಂಗಳದಲ್ಲಿ ಕಟ್ಟೆ ಕಟ್ಟಿಸಿರೆಂದರು. ಮಾತ್ರೆಯೂ ಬೇಕಿತ್ತು, ಕಟ್ಟೆಯೂ ಬೇಕಿತ್ತು. ಮೂರು ವರ್ಷ ಹಿಡಿಯಿತು.

ಭಾಷೆ ಬೇರೆಯಾದರೆ ಮಾತ್ರ ಈ ತೊಡಕೆಂದು ತಿಳಿಯಬೇಡಿ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರದು ಕನ್ನಡವೇ. ಹೊರಗಿನಿಂದ ಬಂದ ವೈದ್ಯರಿಗೆ ಅದೂ ಸುಲಭವಾಗಿ ತಿಳಿಯದು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ತಿಳಿಯುವ ಭಾಷೆಯಲ್ಲೇ ಮಾಹಿತಿ ಕೊಡಬೇಕೆನ್ನುತ್ತದೆ. 2022ರ ಅಕ್ಟೋಬರಿನಿಂದ 14416ಕ್ಕೆ ಹಗಲು ರಾತ್ರಿ ಫೋನು ಮಾಡಬಹುದು. ನಮಗೆ ಆಗ ಇದ್ದದ್ದು ಮೀನುಪೇಟೆಯ ಕೊಂಕಣಿ.

ಇದನ್ನು ಬರೆಯುವ ಮೊದಲು ಆ ಶಿಷ್ಯನಿಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. ಅಂದು ನಾನು ನುಂಗಿದ ಮಾತನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬರೆಯಿರಿ ಸರ್. ಆದರೆ ಆಯಿಗೆ ನೀವೇ ಹೇಳಬೇಕು' ಎಂದ. ಪ್ರತಿವರ್ಷ ಅವರ ಮನೆಯ ತುಳಸಿ ಲಗ್ನಕ್ಕೆ ನನಗೆ ಕರೆ ಬರುತ್ತದೆ. ಈ ಸಲ ಹೋಗುವವನಿದ್ದೇನೆ.