ಇದು ಯಾವ ಬಂದರು, ಹೇಳಿ ನೋಡುವ!

ಒಗಟು ಬಿಡಿಸುವುದೆಂದರೆ ಹೆಂಗಸರಾದ ನಮಗೆ ಹೊಸದೇನಲ್ಲ. ಬೇಸಗೆಯ ಮಧ್ಯಾಹ್ನ ಚಾವಡಿಯಲ್ಲಿ ಕುಳಿತು ಹಪ್ಪಳ ಒತ್ತುತ್ತ, ಹಲಸಿನ ಸೊಳೆ ಬಿಡಿಸುತ್ತ ನಮ್ಮ ಅಜ್ಜಿಯಂದಿರು ಒಂದರ ಮೇಲೊಂದು ಒಗಟು ಹಾಕುತ್ತಿದ್ದರು. ಈಗ ಹಪ್ಪಳ ಅಂಗಡಿಯಿಂದ ಬರುತ್ತದೆ, ಒಗಟು ಮೊಬೈಲಿನಲ್ಲಿ ಬರುತ್ತದೆ! ಅಂಥ ಒಂದು ಹೊಸ ಒಗಟಿನ ವಿಷಯ ಈ ಸಲ ಹೇಳುತ್ತೇನೆ, ಕೇಳಿ.

ಪ್ರವಾಸಿ ಹಡಗುಗಳಲ್ಲಿ ಹೋಗಿ ಬರುವವರು ಈಗ ನಮ್ಮಲ್ಲೂ ಇದ್ದಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವರು ವಾಪಸು ಬರುವ ಮೊದಲು ಒಂದು ವಾರ ಹಡಗಿನಲ್ಲಿ ಸುತ್ತಿ ಬರುವುದುಂಟು. ಹಡಗು ರಾತ್ರಿಯಿಡೀ ಸಾಗುತ್ತದೆ. ಬೆಳಗಾಗುವಾಗ ಒಂದು ಬಂದರು, ಸಂಜೆಗೆ ಮತ್ತೆ ಪ್ರಯಾಣ. ಮರುದಿನ ಇನ್ನೊಂದು ಊರು, ಇನ್ನೊಂದು ದೇಶ. ಅಲ್ಲಿಂದ ಒಂದು ಚಿತ್ರ ಬರುತ್ತದೆ, ಕೆಳಗೆ ಊರಿನ ಹೆಸರಿಲ್ಲ. “ಎಲ್ಲಿದ್ದೇವೆ ಹೇಳಿ ನೋಡುವ!” ಅಂತ ಒಂದು ಸಾಲು, ಅಷ್ಟೇ.

ನಮ್ಮ ಮಹಿಳಾ ಮಂಡಲದಲ್ಲಿ ಇದೇ ಈಗ ಮಧ್ಯಾಹ್ನದ ಆಟ. ಮಕ್ಕಳ ಹಳೆಯ ಅಟ್ಲಾಸ್ ನಡುವೆ ಇಟ್ಟುಕೊಂಡು, ಚಹಾ ಆರಿದರೂ ಪರವಾಗಿಲ್ಲ ಎಂದು ಕೂತುಬಿಡುತ್ತೇವೆ. ನಾನು ಹಡಗು ಹತ್ತಿದವಳಲ್ಲ. ಆದರೂ ಈ ಆಟದಿಂದ ನಾನು ಕಂಡ ಊರುಗಳು ಕಡಿಮೆಯಲ್ಲ.

ಮೊದಲು ರಸ್ತೆ ನೋಡಿ

ಚಿತ್ರ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ದೊಡ್ಡ ಗೋಪುರಕ್ಕೆ, ಚರ್ಚಿಗೆ. ನಾನು ಮೊದಲು ನೋಡುವುದು ರಸ್ತೆಯನ್ನು. ವಾಹನಗಳು ನಮ್ಮಲ್ಲಿಯಂತೆ ಎಡಗಡೆ ಹೋಗುತ್ತಿವೆಯೋ, ಬಲಗಡೆಯೋ? ಎಡಗಡೆಯಾದರೆ ಹೆಚ್ಚಾಗಿ ಅದು ಹಿಂದೆ ಬ್ರಿಟಿಷರು ಆಳಿದ ಜಾಗ. ಮೆಡಿಟರೇನಿಯನ್ ಸಮುದ್ರದ ನಡುವೆ ಎಡಗಡೆ ಓಡುವ ಕಾರುಗಳು, ಜೇನಿನ ಬಣ್ಣದ ಕಲ್ಲಿನ ಮನೆಗಳು, ಬೀದಿಯ ಮೇಲೆ ಚಾಚಿಕೊಂಡ ಮರದ ಮುಚ್ಚಿದ ಬಾಲ್ಕನಿಗಳು ಕಂಡರೆ ಯೋಚನೆಯೇ ಬೇಡ, ಅದು ಮಾಲ್ಟಾ ದ್ವೀಪದ ವಲೆಟ್ಟಾ. 1964ರಲ್ಲಿ ಸ್ವತಂತ್ರವಾದ ದೇಶ. ದೊರೆಗಳು ಹೋದರೂ ರಸ್ತೆಯ ನಿಯಮ ಉಳಿಯಿತು, ಅಲ್ಲಲ್ಲಿ ಕೆಂಪು ಟೆಲಿಫೋನ್ ಗೂಡುಗಳೂ ಉಳಿದವು.

ಆದರೆ ಈ ಸೂತ್ರ ನಂಬಿ ಕೂತರೆ ಸೇಂಟ್ ಥಾಮಸ್ ದ್ವೀಪ ಕೈಕೊಡುತ್ತದೆ. ಕೆರಿಬಿಯನ್ ಸಮುದ್ರದ ಈ ದ್ವೀಪದಲ್ಲಿ ಹಾರುವುದು ಅಮೆರಿಕದ ಬಾವುಟ, ಕಾರಿನ ಸ್ಟಿಯರಿಂಗ್ ಇರುವುದು ಅಮೆರಿಕದ ಕಾರುಗಳಂತೆ ಎಡಗಡೆ, ಆದರೆ ಕಾರು ಓಡುವುದೂ ಎಡಗಡೆಯೇ! ಮೊದಲು ಡೆನ್ಮಾರ್ಕಿನ ಕೈಯಲ್ಲಿದ್ದ ದ್ವೀಪವನ್ನು ಅಮೆರಿಕ 1917ರಲ್ಲಿ ಎರಡೂವರೆ ಕೋಟಿ ಡಾಲರ್ ಕೊಟ್ಟು ಕೊಂಡಿತು. ಯಜಮಾನ ಬದಲಾದ, ಜನರ ಅಭ್ಯಾಸ ಬದಲಾಗಲಿಲ್ಲ. ಬಾವುಟವೊಂದು, ನಡೆ ಇನ್ನೊಂದು ಎಂದು ಕಂಡರೆ ಈ ದ್ವೀಪವನ್ನು ನೆನಪಿಡಿ.

ಒಂದೇ ಥರ ಕಾಣುವ ಊರುಗಳು

ಆಟ ರಂಗೇರುವುದು ಒಂದೇ ಅಚ್ಚಿನಲ್ಲಿ ಹೊಯ್ದಂಥ ಊರುಗಳು ಬಂದಾಗ. ನೀರಿನ ಅಂಚಿನಲ್ಲಿ ಸಾಲಾಗಿ ನಿಂತ ಹಳದಿ, ನೀಲಿ, ಕೆಂಪು ಮನೆಗಳು. ಮೇಲೆ ಮೆಟ್ಟಿಲಿನಂತೆ, ಬಳ್ಳಿಯಂತೆ ತಿರುವಿದ ಮುಖಭಾಗ. “ಕೋಪನ್‌ಹೇಗನ್!” ಎಂದು ಎಲ್ಲರೂ ಒಂದೇ ಉಸಿರಿಗೆ ಕೂಗುತ್ತಾರೆ. ಅಲ್ಲಿನ ನ್ಯೂಹಾವ್ನ್ ಕಾಲುವೆಯ ದಂಡೆ ಹಾಗೆಯೇ ಇದೆ, ನಿಜ. ಮಕ್ಕಳ ಕತೆಗಾರ ಆಂಡರ್ಸನ್ ಇದ್ದದ್ದೂ ಆ ದಂಡೆಯ ಮನೆಗಳಲ್ಲೇ. ಆದರೆ ಚಿತ್ರದ ಮೂಲೆಯಲ್ಲಿ ತಾಳೆ ಜಾತಿಯ ಮರವೊಂದು ಇಣುಕುತ್ತಿದ್ದರೆ? ಜನರ ಮೈಮೇಲೆ ಕೋಟಿನ ಬದಲು ತೆಳು ಅಂಗಿ ಇದ್ದರೆ? ಆಗ ಅದು ವೆನೆಜುವೆಲಾದ ಎದುರಿಗಿರುವ ಕುರಸಾವ್ ದ್ವೀಪದ ವಿಲೆಮ್‌ಸ್ಟಾಡ್. ಡಚ್ಚರು ಸುಡುಬಿಸಿಲಿನ ನಾಡಿಗೆ ಹೋಗಿಯೂ ತಮ್ಮ ತಣ್ಣನೆಯ ಊರಿನ ಮನೆಯನ್ನೇ ಕಟ್ಟಿಕೊಂಡರು! ಬಿಳಿ ಗೋಡೆಗಳ ಮೇಲಿನ ಬಿಸಿಲಿನಿಂದ ತಲೆನೋವು ಬರುತ್ತದೆಂದು ಅಲ್ಲಿನ ಗವರ್ನರೊಬ್ಬ ಎಲ್ಲರೂ ಬಣ್ಣ ಹಚ್ಚಬೇಕೆಂದು ಆಜ್ಞೆ ಮಾಡಿದನೆಂದು ಅಲ್ಲಿ ಕತೆ ಹೇಳುತ್ತಾರೆ. ಪಕ್ಕದಲ್ಲಿ ಸಾಲು ದೋಣಿಗಳ ಮೇಲೆ ತೇಲುವ ಸೇತುವೆ ಕಂಡರಂತೂ ಅನುಮಾನ ಬೇಡ. ಆ ಜಾಗದಲ್ಲಿ ಮೊದಲ ತೇಲು ಸೇತುವೆ ಬಂದದ್ದು 1888ರಲ್ಲಿ. ಹಡಗು ಬಂದಾಗ ಇಡೀ ಸೇತುವೆ ಬಾಗಿಲಿನಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.

ಗ್ರೀಸಿನ ದ್ವೀಪಗಳೂ ಹಾಗೆಯೇ. ಬಿಳಿ ಮನೆ, ನೀಲಿ ಸಮುದ್ರ ಎಂದ ಕೂಡಲೇ ಎಲ್ಲರ ಬಾಯಲ್ಲೂ ಸ್ಯಾಂಟೊರಿನಿ. ಆದರೆ ಮನೆಗಳು ನೀರಿನ ಹತ್ತಿರವೇ ಇದ್ದು, ಹಿಂದೆ ಗಾಳಿಗಿರಣಿಗಳು ಸಾಲಾಗಿ ನಿಂತಿದ್ದರೆ ಅದು ಮಿಕೊನೊಸ್. ಸ್ಯಾಂಟೊರಿನಿಯ ಮನೆಗಳಿರುವುದು ಎತ್ತರದ ಕಡಿಬಂಡೆಯ ನೆತ್ತಿಯಲ್ಲಿ. ಸುಮಾರು 3600 ವರ್ಷಗಳ ಹಿಂದೆ ಸಿಡಿದ ಅಗ್ನಿಪರ್ವತದ ಬಾಯಿಗೆ ಸಮುದ್ರ ತುಂಬಿದೆ, ಹಡಗು ನಿಲ್ಲುವುದು ಆ ಬಾಯಿಯಲ್ಲೇ! ಅಲ್ಲಿಂದ ಸಣ್ಣ ದೋಣಿಯಲ್ಲಿ ದಡಕ್ಕೆ ಬಂದು ಮೇಲಕ್ಕೆ ತೂಗುತೊಟ್ಟಿಲಿನಲ್ಲಿ ಹೋಗಬೇಕು, ಇಲ್ಲವೇ ಸುತ್ತು ಸುತ್ತಾದ ಮೆಟ್ಟಿಲು ಹತ್ತಬೇಕು.

ಮಾಡು ಹೇಳುವ ಕತೆ

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಚಿತ್ರ ಒಂದುಂಟು. ಸಮುದ್ರಕ್ಕೆ ಚಾಚಿದ ಕೋಟೆಯೂರು, ಗೋಡೆಯ ಮೇಲಿನಿಂದ ತೆಗೆದದ್ದು. ಕೆಳಗೆ ಬರೇ ಹಂಚಿನ ಮಾಡುಗಳು. ಹೆಚ್ಚಿನವು ಹೊಳೆಯುವ ಕೇಸರಿ ಕೆಂಪು. ನಡುನಡುವೆ ಕೆಲವು ಮಾತ್ರ ಮಾಸಿದ ಕಂದು ಬಣ್ಣದವು.

ಒಡೆದ ಹಂಚು ಬದಲಿಸಿದ ಮಾಡು ಹೇಗೆ ಕಾಣುತ್ತದೆಂದು ಕರಾವಳಿಯವರಾದ ನಮಗೆ ಹೇಳಿಕೊಡಬೇಕೇ? ಗಾಳಿಗೆ ತೆಂಗಿನ ಮಡಲು ಬಿದ್ದು ಹತ್ತು ಹಂಚು ಹೋದರೆ ವರ್ಷಗಟ್ಟಲೆ ಆ ತೇಪೆ ಕಣ್ಣಿಗೆ ಹೊಡೆಯುತ್ತದೆ. ಆದರೆ ಇಲ್ಲಿ ಹೊಸ ಹಂಚೇ ಹೆಚ್ಚು! ಇಡೀ ಊರಿನ ಮಾಡು ಒಟ್ಟಿಗೆ ಹೋಗಬೇಕಾದರೆ ಆದದ್ದಾದರೂ ಏನು?

ಅದು ಕ್ರೊಯೇಷಿಯಾದ ಡುಬ್ರೊವ್ನಿಕ್. ಯುಗೊಸ್ಲಾವಿಯ ದೇಶ ಒಡೆದು ಹೋಳಾಗುತ್ತಿದ್ದ ಕಾಲ. 1991ರ ಅಕ್ಟೋಬರಿನಲ್ಲಿ ಯುಗೊಸ್ಲಾವ್ ಸೇನೆ ಊರನ್ನು ಮುತ್ತಿತು. ತಿಂಗಳುಗಟ್ಟಲೆ ಜನ ನೀರು, ವಿದ್ಯುತ್ತಿಗೆ ಪರದಾಡಿದರು. ಡಿಸೆಂಬರ್ 6ರಂದು ಹಳೆಯ ಊರಿನ ಮೇಲೆ ಶೆಲ್ಲುಗಳ ಮಳೆಯೇ ಸುರಿಯಿತು. ಅಲ್ಲಿನ ಕಟ್ಟಡಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಪೆಟ್ಟಾಯಿತು. ಇಂದು ಹಡಗಿನಿಂದಿಳಿದವರು “ಎಷ್ಟು ಚೆಂದದ ಬಣ್ಣ!” ಎಂದು ಚಿತ್ರ ತೆಗೆಯುವುದು ಆ ಗಾಯದ ಮೇಲೆ ಹೊದಿಸಿದ ಹಂಚನ್ನೇ. ಆ ಮಾಸಿದ ತುಂಡುಗಳು ಶೆಲ್ಲಿಗೆ ಸಿಗದೆ ಉಳಿದ ಮಾಡುಗಳು. ಪ್ರತಿ ಹೊಸ ಮಾಡಿನ ಕೆಳಗೆ ಒಬ್ಬ ಗೃಹಿಣಿ ಒಲೆ ಆರಿಸಿ ನೆಲಮಾಳಿಗೆಗೆ ಓಡಿದ್ದಿರಬಹುದು. ಹೆಸರು ಊಹಿಸುವುದು ಐದು ನಿಮಿಷದ ಕೆಲಸ. ಆ ಬಣ್ಣ ಯಾಕೆ ಬಂತೆಂದು ಕೇಳಿದರೆ ತಾನೇ ಊರಿನ ಪರಿಚಯವಾಗುವುದು?

ಕೆಲವು ಚಿತ್ರಗಳು ಊರಿನ ಜೊತೆಗೆ ವರ್ಷವನ್ನೂ ಹೇಳುತ್ತವೆ. ವೆನಿಸಿನ ಸೇಂಟ್ ಮಾರ್ಕ್ ಚೌಕದ ಎದುರಿಗೆ, ಅರಮನೆಯನ್ನೇ ಕುಬ್ಜ ಮಾಡುವಂಥ ಭಾರೀ ಪ್ರವಾಸಿ ಹಡಗು ಸಾಗುತ್ತಿದ್ದರೆ ಅದು ಹಳೆಯ ಚಿತ್ರ. ಅಡಿಪಾಯಕ್ಕೆ ಧಕ್ಕೆ, ಜನಜಂಗುಳಿಯ ಕಾಟ ಎಂದು ಊರಿನವರು ವರ್ಷಗಟ್ಟಲೆ ಕೂಗಿದ ಮೇಲೆ, 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳಿಗೆ ಆ ನೀರಿನ ದಾರಿ ಮುಚ್ಚಿತು.

ಮಗ ಕಳಿಸುವ ಚಿತ್ರಗಳು

ನಮ್ಮ ಗುಂಪಿನಲ್ಲಿ ಈ ಆಟವನ್ನು ಆಟವೆಂದು ಆಡದವಳು ಒಬ್ಬಳಿದ್ದಾಳೆ. ಅವಳು ನನ್ನ ಅಕ್ಕ. ಅವಳ ಮಗ ಒಂದು ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಗೋವಾ, ಮಂಗಳೂರು ಕಡೆಯ ಎಷ್ಟೋ ಹುಡುಗರು ಹೀಗೆ ಹಡಗಿನಲ್ಲಿ ದುಡಿಯುತ್ತಿದ್ದಾರೆ. ತಿಂಗಳುಗಟ್ಟಲೆ ಮನೆಯ ಮುಖ ಕಾಣುವುದಿಲ್ಲ. ಪ್ರವಾಸಿಗರು ದಿನವಿಡೀ ಊರು ಸುತ್ತಿದರೆ ಇವರಿಗೆ ಸಿಗುವುದು ಎರಡೋ ಮೂರೋ ಗಂಟೆ. ಇಳಿದು, ಸಾಬೂನು ಪೇಸ್ಟ್ ಕೊಂಡು, ಮನೆಗೆ ಒಂದು ಚಿತ್ರ ಕಳಿಸಿ ಓಡಬೇಕು. ಹೆಸರು ಬರೆಯಲು ಪುರುಸೊತ್ತೆಲ್ಲಿ?

ಒಂದು ಸಲ ಅವನಿಂದ ಬಂದ ಚಿತ್ರದಲ್ಲಿ ಉದ್ದನೆಯ ಕೆಂಪು ತೂಗುಸೇತುವೆ, ಆಚೆ ದಡದಲ್ಲಿ ಕೈ ಚಾಚಿ ನಿಂತ ಏಸುವಿನ ಪ್ರತಿಮೆ.

“ಸೇತುವೆ ನೋಡಿದರೆ ಸ್ಯಾನ್ ಫ್ರಾನ್ಸಿಸ್ಕೊ, ಅನುಮಾನವೇ ಇಲ್ಲ” ಎಂದರು ಭಾವ.

“ಅಲ್ಲಪ್ಪ, ಪ್ರತಿಮೆ ನೋಡಿ. ರಿಯೊ ಡಿ ಜನೈರೊ!” ಎಂದಳು ಮಗಳು.

ಅಕ್ಕ ಕನ್ನಡಕ ಏರಿಸಿಕೊಂಡು ಹಿಂದಿನ ಚಿತ್ರ ತೋರಿಸಿದಳು. ಇಕ್ಕಟ್ಟಿನ ಓಣಿ, ಕಿಟಕಿಯಿಂದ ಕಿಟಕಿಗೆ ಒಣಗಲು ಹಾಕಿದ ಬಟ್ಟೆ, ನೀಲಿ ಬಿಳಿ ಚಿತ್ರದ ಟೈಲ್ಸ್ ಮೆತ್ತಿದ ಗೋಡೆ, ಒಂದು ಅಂಗಡಿಯಲ್ಲಿ ಹಲಗೆ ಪೇರಿಸಿದಂತೆ ಒಣಮೀನು. “ಎರಡೂ ಒಂದೇ ಊರಲ್ಲಿ ಉಂಟಲ್ಲ ಮಾರಾಯ್ತಿ. ಇಷ್ಟು ಒಣಮೀನು ತಿನ್ನುವವರು ಯಾರು? ಅದನ್ನು ಹುಡುಕು” ಎಂದಳು.

ಅಟ್ಲಾಸ್ ತೆರೆದೆವು. ಅದು ಪೋರ್ಚುಗಲ್ಲಿನ ಲಿಸ್ಬನ್. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನೆಂದರೆ ಅಲ್ಲಿಯವರಿಗೆ ಪ್ರಾಣ. ಅದರಲ್ಲಿ ಬಹುಪಾಲು ಬರುವುದು ದೂರದ ನಾರ್ವೆಯಿಂದ! ಆ ಕೆಂಪು ಸೇತುವೆ ತೆರೆದದ್ದು 1966ರಲ್ಲಿ, ಆಗ ಅದಕ್ಕೆ ಸರ್ವಾಧಿಕಾರಿ ಸಾಲಜಾರನ ಹೆಸರು. 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಆ ದಿನದ ಹೆಸರನ್ನೇ ಸೇತುವೆಗೆ ಇಟ್ಟರು. 1959ರ ಆ ಪ್ರತಿಮೆ ನಿಂತಿರುವುದು ಎತ್ತರದ ನಾಲ್ಕು ಕಂಬಗಳ ಪೀಠದ ಮೇಲೆ. ರಿಯೊದ್ದು 1931ರದು, ಬೆಟ್ಟದ ತುದಿಯಲ್ಲಿದೆ.

“ಹೆಸರು ತಿಳಿದು ನಿನಗೇನು ಆಗಬೇಕಕ್ಕ?” ಎಂದು ಕೇಳಿದ್ದೆ. “ಅಲ್ಲಿ ಚಳಿಯೋ ಸೆಕೆಯೋ ಅಂತಾದ್ರೂ ಗೊತ್ತಾಗ್ತದಲ್ಲ. ಅವನು ಉಣ್ಣುವಾಗ ಅಲ್ಲಿ ಹಗಲೋ ರಾತ್ರಿಯೋ ಅಂತಾದ್ರೂ ಗೊತ್ತಾಗ್ತದಲ್ಲ” ಎಂದಳು.

ಇನ್ನೊಂದು ಸಲ ಬಂದ ಚಿತ್ರದಲ್ಲಿ ಸುಳಿವೇ ಇರಲಿಲ್ಲ. ಬೂದುಬಣ್ಣದ ಧಕ್ಕೆ, ಕಂಟೇನರು, ಮುಂದೆ ಅವನು. ನಾವು ಅಕ್ಷರ ಹುಡುಕಿದೆವು, ಬಾವುಟ ಹುಡುಕಿದೆವು. ಅಕ್ಕ ಚಿತ್ರವನ್ನು ದೊಡ್ಡದು ಮಾಡಿ ಮಗನ ಮುಖವನ್ನಷ್ಟೇ ನೋಡಿದಳು. “ಬಂದರು ಯಾವುದಾದರೂ ಆಗಲಿ, ಇವನಿಗೆ ಸೌಖ್ಯ ಇಲ್ಲ” ಎಂದಳು. ಆ ರಾತ್ರಿ ಫೋನ್ ಸಿಕ್ಕಾಗ ಗದರಿಸಿ ಕೇಳಿದಳು. ನಾಲ್ಕು ದಿನದಿಂದ ಜ್ವರವಂತೆ, ರಜೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಹೇಳದೆ ನಿಂತು ಕೆಲಸ ಮಾಡಿದ್ದನಂತೆ. ಅಮ್ಮನ ಮಾತಿಗೆ ಹೆದರಿ ಮರುದಿನವೇ ಹಡಗಿನ ಡಾಕ್ಟರಲ್ಲಿಗೆ ಹೋದ. ನಮಗ್ಯಾರಿಗೂ ಕಾಣದ ಸುಳಿವು ಹೆತ್ತವಳಿಗೆ ಕಂಡಿತ್ತು.

ಮಂಗಳೂರನ್ನು ಯಾರು ಗುರುತಿಸಿಯಾರು?

ನಾವು ಅವರ ಊರನ್ನು ಊಹಿಸುವಂತೆ, ಅವರೂ ನಮ್ಮ ಊರನ್ನು ಊಹಿಸುತ್ತಿರಬಹುದಲ್ಲ! ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಮಳೆಗಾಲ ಕಳೆದ ಮೇಲೆ ಅಲ್ಲಿಗೂ ಪ್ರವಾಸಿ ಹಡಗುಗಳು ಬರುತ್ತವೆ. ಇಳಿದವರು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನೊಳಗೆ ಒಂದು ಚಿತ್ರ ತೆಗೆದು ಮನೆಗೆ ಕಳಿಸಿದರೆ, ಅಲ್ಲಿಯವರು “ಇಟಲಿ!” ಎಂದಾರು. ಗೋಡೆ, ಛಾವಣಿ ತುಂಬ ಚಿತ್ರ ಬರೆದವರು ಇಟಲಿಯ ಮೊಸ್ಕೆನಿ ತಾನೇ? ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡಿನ ಅಂತಸ್ತುಗಳನ್ನು ಕಳಿಸಿದರೆ “ನೇಪಾಳ!” ಎಂದಾರು. ಆ ಇಳಿಜಾರು ನಮ್ಮ ಆಟಿಯ ಮಳೆಗೆಂದು ಅವರಿಗೇನು ಗೊತ್ತು?

ಹಾಗಾದರೆ ನಮ್ಮೂರಿನ ನಿಜವಾದ ಸುಳಿವು ಯಾವುದು? ನನ್ನನ್ನು ಕೇಳಿದರೆ ಹಂಚು ಎನ್ನುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೊರಟ ಆ ಚಪ್ಪಟೆ ಹಂಚು ಸಮುದ್ರ ದಾಟಿ ಎಷ್ಟೋ ಮನೆಗಳ ತಲೆ ಕಾಯ್ದಿದೆ. ಅದರ ಕೆಳಗೆ ಅಬ್ಬಲಿಗೆ ಮುಡಿದು ಮೀನಿನ ಬುಟ್ಟಿಯೆದುರು ಕುಳಿತ ಹೆಂಗಸೊಬ್ಬಳು ಕಂಡರೆ ಸಾಕು.

ಆಡುವವರಿಗೆ ನಾಲ್ಕು ಮಾತು

ಅಂಗಡಿ ಬೋರ್ಡಿನ ಅಕ್ಷರ, ವಾಹನ ಹೋಗುವ ಬದಿ, ಮಾಡಿನ ಇಳಿಜಾರು, ಜನರ ಬಟ್ಟೆ: ಇವನ್ನು ಮೊದಲು ನೋಡಿ. ಎಲ್ಲರ ಕೈಯಲ್ಲೂ ಕೊಡೆಯಿದ್ದು, ಹಿಂದೆ ಚೂಪು ಮಾಡಿನ ಮರದ ಮನೆಗಳ ಸಾಲಿದ್ದರೆ ನಾರ್ವೆಯ ಬರ್ಗೆನ್ ಇರಬಹುದು. ಅಲ್ಲಿ ವರ್ಷದಲ್ಲಿ ಇನ್ನೂರು ದಿನಕ್ಕೂ ಹೆಚ್ಚು ಮಳೆ. ಹಡಗುಕಟ್ಟೆಯ ಬಾಗಿಲಲ್ಲೇ ಇರುವ ವಜ್ರದ, ಗಡಿಯಾರದ ಅಂಗಡಿಗಳನ್ನು ನಂಬಬೇಡಿ, ಎಲ್ಲ ಕಡೆ ಅವು ಒಂದೇ ಥರ.

ನೀವೇ ಪ್ರವಾಸ ಹೋದರೆ ಗೋಪುರದೆದುರು ನಿಂತ ಚಿತ್ರದ ಜೊತೆ ಎರಡು ಬೀದಿ ಒಳಗೆ ಹೋಗಿ ತರಕಾರಿ ಅಂಗಡಿಯದೊಂದು, ಬಟ್ಟೆ ಒಣಗುವ ಓಣಿಯದೊಂದು ತೆಗೆಯಿರಿ. ದೂರದಲ್ಲಿ ದುಡಿಯುವ ಮಕ್ಕಳಿಗೂ ಒಂದು ಮಾತು ಹೇಳಿಡಿ: ಬಂದರಿನ ಹೆಸರು ಬರೆಯದಿದ್ದರೂ ಅಡ್ಡಿಯಿಲ್ಲ, ಚಿತ್ರದಲ್ಲಿ ನಿನ್ನ ಮುಖ ಮಾತ್ರ ಸರಿಯಾಗಿ ಕಾಣಲಿ.