ಹಲ್ಲುನೋವಿನ ರಾತ್ರಿ

ಹಲ್ಲುನೋವಿಗೆ ಒಂದು ದುರ್ಬುದ್ಧಿಯುಂಟು. ವೈದ್ಯರು ಬಾಗಿಲು ತೆರೆದು ಕುಳಿತಿರುವ ಹೊತ್ತಿನಲ್ಲಿ ಅದು ಸಣ್ಣಗೆ ಜುಮ್ಮೆಂದು ಸುಮ್ಮನಾಗುತ್ತದೆ. ತನ್ನ ಪೂರ್ಣ ಪ್ರತಾಪವನ್ನು ತೋರುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಹಲ್ಲಿನೊಳಗೆ ನರ, ರಕ್ತನಾಳಗಳಿಂದಾದ ಮೆತ್ತನೆಯ ತಿರುಳಿದೆ. ಅದು ಕೆರಳಿ ಬಾತುಕೊಂಡರೆ ಹಿಗ್ಗಲು ಎಡೆಯಿಲ್ಲ. ಸುತ್ತಲೂ ಕಲ್ಲಿನಂಥ ಗೋಡೆ. ನಾವು ತಲೆಯನ್ನು ತಗ್ಗಿಸಿ ಮಲಗಿದೊಡನೆ ಅಲ್ಲಿಗೆ ರಕ್ತದ ಒತ್ತಡ ಹೆಚ್ಚಿ, ನಾಡಿ ಬಡಿದಂತೆಲ್ಲ ಹಲ್ಲೂ ಬಡಿಯತೊಡಗುತ್ತದೆ.

ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ, ಹೆದ್ದಾರಿಯ ಮಗ್ಗುಲಲ್ಲಿರುವ ಭರಮಸಾಗರದಲ್ಲಿ ನಮ್ಮ ದೊಡ್ಡಮ್ಮನ ಮನೆ. ದುರ್ಗದ ಪಾಳೆಯಗಾರ ಭರಮಣ್ಣನಾಯಕನ ಹೆಸರು ಹೊತ್ತ ಊರು ಅದು. ಹಗಲಿರುಳೂ ಬಸ್ಸು ಲಾರಿಗಳು ಓಡುವ ದಾರಿಯೇನೋ ಹೌದು. ಆದರೆ ನಡುರಾತ್ರಿ ಕೆನ್ನೆ ಹಿಡಿದುಕೊಂಡು ಹೊರಟವರಿಗೆ ಎರಡು ದಿಕ್ಕಿನಲ್ಲಿ ಯಾವ ದಂತವೈದ್ಯರು ಸಿಕ್ಕಾರು? ಒಂದು ಶನಿವಾರ ನಾನು ಅಲ್ಲಿದ್ದಾಗಲೇ ದೊಡ್ಡಮ್ಮನಿಗೆ ಅಂಥ ರಾತ್ರಿ ಬಂದಿತು. ನೆರೆಹೊರೆಯವರು ಎದ್ದು ಬಂದರು. ಒಬ್ಬರು ಲವಂಗವೆಂದರು, ಇನ್ನೊಬ್ಬರು ಹೊಗೆಸೊಪ್ಪೆಂದರು. ವಯಸ್ಸಾದ ಅಜ್ಜಿಯೊಬ್ಬರು, ನೆಲಗುಳ್ಳದ ಬೀಜ ಸುಟ್ಟು ಹೊಗೆ ಹಿಡಿಸಿದರೆ ಹುಳು ಪಟಪಟನೆ ಉದುರುತ್ತದೆಂದು ಆಣೆಯಿಟ್ಟು ಹೇಳಿದರು.

ಅಜ್ಜಿಯನ್ನು ನೋಡಿ ನಗುವಂತಿಲ್ಲ. ಹುಳುಕುಹಲ್ಲೆಂಬ ನಮ್ಮ ಮಾತಿನಲ್ಲಿಯೇ ಹುಳು ಅಡಗಿದೆ. ಪ್ರಾಚೀನ ಬ್ಯಾಬಿಲೋನಿನವರೂ ಹಲ್ಲಿನ ಹುಳುವನ್ನು ನಂಬಿದ್ದರು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯ ತನ್ನ ಗ್ರಂಥದಲ್ಲಿ, ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೂ ಅಂಥ ಹುಳು ತನಗೆ ಕಾಣಲಿಲ್ಲವೆಂದು ಬರೆದ. ನಿಜವಾದ ಅಪರಾಧಿ ಅದಕ್ಕಿಂತ ಕಿರಿದು: ಬಾಯಲ್ಲಿ ಉಳಿದ ಸಿಹಿಯನ್ನುಂಡು ಆಮ್ಲವನ್ನು ಉಗುಳಿ ಹಲ್ಲನ್ನು ಕರಗಿಸುವ ಬ್ಯಾಕ್ಟೀರಿಯಾ. ಹೊಗೆಗೆ ಅದು ಹೆದರುವುದಿಲ್ಲ.

ಆ ರಾತ್ರಿ ನಾವು ಮಾಡಿದ್ದು ಸರಳವಾದ ಕೆಲಸಗಳು. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದೆವು. ಸಂದಿಯಲ್ಲಿ ಸಿಕ್ಕಿದ್ದ ಆಹಾರದ ಚೂರನ್ನು ದಾರದಿಂದ ಮೆಲ್ಲನೆ ತೆಗೆದೆವು. ಪಿನ್ನು, ಸೂಜಿಗಳನ್ನು ಹತ್ತಿರ ಸೇರಿಸಲಿಲ್ಲ. ಹತ್ತಿಯ ಎಳೆಗೆ ಒಂದು ತೊಟ್ಟು ಲವಂಗದೆಣ್ಣೆ ಹಚ್ಚಿ ನೋಯುವ ಹಲ್ಲಿಗೆ ಮುಟ್ಟಿಸಿದೆವು. ಲವಂಗದಲ್ಲಿರುವ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಹೆಚ್ಚಾದರೆ ಒಸಡನ್ನು ಸುಡುತ್ತದೆ, ನುಂಗಬಾರದು, ಎಳೆಯ ಮಕ್ಕಳಿಗಂತೂ ಬೇಡವೇ ಬೇಡ. ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಟ್ಟೆವು. ತಲೆಗೆ ಎರಡು ದಿಂಬು ಕೊಟ್ಟೆವು. ಪ್ಯಾರಾಸಿಟಮಾಲ್ ಮಾತ್ರೆಯನ್ನು, ಪೊಟ್ಟಣದ ಮೇಲೆ ಬರೆದ ಅಳತೆ ಮೀರದಂತೆ, ನೀರಿನೊಡನೆ ನುಂಗಿಸಿದೆವು. ಆಸ್ಪಿರಿನ್ನನ್ನು ಒಸಡಿನ ಮೇಲೆ ಒತ್ತಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಅದರಿಂದ ಒಸಡು ಬೆಂದು, ಒಂದು ನೋವಿದ್ದ ಕಡೆ ಎರಡಾಗುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಕಳೆದ ಸಲ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಹುಡುಕಿ ನುಂಗುವುದೂ ತಪ್ಪು.

ಭಾನುವಾರ ಹೀಗೆಯೇ ಕಳೆಯಿತು. ಸೋಮವಾರ ಬೆಳಗಾಗುವಾಗ ನೋವು ತಟ್ಟನೆ ನಿಂತಿತು. ದೊಡ್ಡಮ್ಮ ನಗುತ್ತ ಒಲೆಯ ಮುಂದೆ ನಿಂತಿದ್ದರು.

“ನೋವು ಹೋಯ್ತಪ್ಪ. ಇನ್ಯಾಕೆ ದಾವಣಗೆರೆ? ಬಸ್ಸೇನೋ ಹೆಂಗಸರಿಗೆ ಪುಕ್ಕಟೆ, ಡಾಕ್ಟ್ರು ಪುಕ್ಕಟೆ ನೋಡ್ತಾರಾ?”

“ನೋವು ಹೋಗಿದೆ ದೊಡ್ಡಮ್ಮ, ರೋಗ ಹೋಗಿಲ್ಲ. ಇವತ್ತು ತೋರಿಸಿಕೊಂಡೇ ಬರೋಣ” ಎಂದು ನಾನೂ ಹಟ ಹಿಡಿದೆ.

1979ರಲ್ಲಿ ಬಾಪೂಜಿ ದಂತವೈದ್ಯ ಕಾಲೇಜು ಆರಂಭವಾದಂದಿನಿಂದ ದಾವಣಗೆರೆಯ ದಾರಿ ಈ ಸೀಮೆಯ ಹಲ್ಲುನೋವಿನವರಿಗೆ ಪರಿಚಿತ. ಚಿತ್ರದುರ್ಗದಲ್ಲಿಯೂ ದಂತವೈದ್ಯ ಕಾಲೇಜುಂಟು. ನಾವು ಕಂಡ ವೈದ್ಯರು ಎಕ್ಸ್‌ರೇ ತೋರಿಸಿ ಹೇಳಿದ ಮಾತು ನನಗೆ ನೆನಪಿದೆ: ಹಲ್ಲಿನ ನರ ಸತ್ತಿತ್ತು, ಆದ್ದರಿಂದಲೇ ನೋವು ನಿಂತಿತ್ತು. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿಗಿಳಿದು ಎಲುಬನ್ನು ತಿನ್ನತೊಡಗಿತ್ತು. ಬೇರಿನ ನಾಳವನ್ನು ಶುಚಿಗೊಳಿಸಿ ತುಂಬಿದ್ದರಿಂದ ಹಲ್ಲು ಉಳಿಯಿತು.

ಹೀಗೆ ಮೌನವಾದ ಹಲ್ಲನ್ನು ನಂಬಿ ತಿಂಗಳುಗಟ್ಟಲೆ ಸುಮ್ಮನಿರುವವರು ನಮ್ಮಲ್ಲಿ ಎಷ್ಟೋ ಜನ. ಕೆನ್ನೆಯೋ ದವಡೆಯ ಕೆಳಗೋ ಊದಿಕೊಂಡರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ ಬೆಳಗಿನ ಬಸ್ಸಿಗೂ ಕಾಯಬಾರದು. ನುಂಗಲು, ಉಸಿರಾಡಲು ತೊಡಕಾದರಂತೂ ಜೀವಕ್ಕೇ ಅಪಾಯ. ಆ ಕ್ಷಣವೇ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಲವಂಗವೂ ಉಪ್ಪುನೀರೂ ನಮ್ಮ ಅಡಿಗೆಮನೆಯ ಒಳ್ಳೆಯ ನೆಂಟರು. ರಾತ್ರಿ ಕಳೆಯಲು ಅವರು ಜೊತೆ ಕೊಡುತ್ತಾರೆ. ಬೆಳಗಾದ ಮೇಲೆ ಹಲ್ಲು ಮಾತಾಡದಿದ್ದರೂ ವೈದ್ಯರ ಬಳಿಗೆ ಹೋಗತಕ್ಕವರು ನಾವೇ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಕಡಲೆಯನ್ನು ಅಂಗಡಿಯಿಂದ ಎಂದಾದರೂ ತಂದೇವು. ಹಲ್ಲನ್ನು ಇಂದೇ ಉಳಿಸಿಕೊಳ್ಳಬೇಕು.