ನಾಲ್ಕು ಮೊಳದ ದೃಷ್ಟಿ

ಬರುವ ಚಳಿಗಾಲದಲ್ಲಿ ಶ್ರೀ ಸಮ್ಮೇದ ಶಿಖರ್ಜಿಯ ವಂದನೆಯನ್ನು ಡೋಲಿಯ ನೆರವಿಲ್ಲದೆ ಮಾಡಬೇಕೆಂದು ಸಂಕಲ್ಪಿಸಿದ್ದೇನೆ. ಇಪ್ಪತ್ತು ತೀರ್ಥಂಕರರು ಮೋಕ್ಷವನ್ನೈದಿದ ಆ ಪರ್ವತವು ಸುಮಾರು 4,480 ಅಡಿ ಎತ್ತರವಾದುದು. ಹತ್ತಲು 9 ಕಿಲೋಮೀಟರ್, ಮೇಲೆ ಟೋಂಕುಗಳ ದರ್ಶನಕ್ಕೆ 9, ಇಳಿಯಲು 9, ಒಟ್ಟು 27. ಬದುಕಿನ ಬಹುಭಾಗವನ್ನು ಅಂಗಡಿಯ ಗಲ್ಲೆಯ ಬಳಿ ಕುಳಿತೇ ಕಳೆದ, ಅರುವತ್ತು ದಾಟಿದ ನನ್ನಂಥವನಿಗೆ ಅಭ್ಯಾಸವಿಲ್ಲದೆ ಇದು ಸಾಧ್ಯವಲ್ಲ. ಓಟದ ಸ್ಪರ್ಧೆಗಳಿಗೆ ಹೋಗುವ ಮೊಮ್ಮಗನೇ ನನಗೆ ಗುರುವಾದನು. ಐದು ನಿಮಿಷ ಮೆಲ್ಲನೆಯ ಓಟ, ಎರಡು ನಿಮಿಷ ನಡಿಗೆ; ಹೀಗೆ ವಾರದಿಂದ ವಾರಕ್ಕೆ ದೂರವನ್ನು ಹೆಚ್ಚಿಸುತ್ತ ಬಂದೆವು.

ಆಷಾಢದ ಮೊದಲ ಭಾನುವಾರ ಮೂಡುಬಿದಿರೆಯಿಂದ ವೇಣೂರಿಗೆ ಹೋಗುವುದೆಂದು ನಿಶ್ಚಯಿಸಿದೆವು. ಸುಮಾರು 20 ಕಿಲೋಮೀಟರ್ ದಾರಿ. ಸೂರ್ಯೋದಯದ ಬಳಿಕ ಸಾವಿರ ಕಂಬದ ಬಸದಿಯಲ್ಲಿ ಚಂದ್ರನಾಥ ಸ್ವಾಮಿಯ ದರ್ಶನ ಮಾಡಿ ಹೊರಟಾಗ ಆಕಾಶ ತಿಳಿಯಾಗಿತ್ತು. ಎರಡು ಮೈಲಿ ಕಳೆಯುವುದರೊಳಗೆ ಅಡಕೆ ತೋಟಗಳ ಮೇಲೆ ಮಂಜು ಕವಿಯಿತು; ಮಂಜಿನ ಹಿಂದೆಯೇ ಮಳೆ ಬಂತು. ಗದ್ದೆಗಳಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದು ನೇಜಿ ನೆಡುತ್ತಿದ್ದ ಹೆಂಗಸರು ತಲೆಯೆತ್ತಿ, ಈ ಮುದುಕನಿಗೇನು ಬಂತೆಂಬಂತೆ ನಮ್ಮನ್ನು ನೋಡಿ ನಕ್ಕರು. ಕಾಲು ಗಂಟೆ ಸುರಿದು ಮಳೆ ನಿಂತಿತು. ಬಿಸಿಲು ಚುರುಕಾಗಿ ರಸ್ತೆಯಿಂದ ಹಬೆ ಏಳತೊಡಗಿತು. ಅಂಗಿ ಆರುವ ಮೊದಲೇ ಮತ್ತೊಂದು ಮಳೆ.

"ಅಜ್ಜಾ, ನಾವು ಆರು ನಿಮಿಷ ಹಿಂದುಳಿದಿದ್ದೇವೆ" ಎಂದು ಮೊಮ್ಮಗ ಕೈಗಡಿಯಾರವನ್ನು ತೋರಿಸಿದನು. ನಾನು ವೇಗವನ್ನು ಹೆಚ್ಚಿಸಿದೆ. ಅಲ್ಲಿಂದ ಮುಂದೆ ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ. ಅವನ ಮಣಿಕಟ್ಟಿನ ಮೇಲಿತ್ತು.

ಅರ್ಧ ದಾರಿಯಲ್ಲಿ ಬೂಟಿನ ದಾರ ಸಡಿಲವಾಯಿತು. ಕಟ್ಟಿಕೊಳ್ಳಲು ಬಾಗಿದಾಗ ಕಂಡೆ: ಅಡಿಯಲ್ಲಿ ಎರೆಹುಳುಗಳು ಜಜ್ಜಿ ಅಂಟಿಕೊಂಡಿದ್ದವು. ನೆನೆದ ಮಣ್ಣಿನಿಂದ ಹೊರಬಂದು ರಸ್ತೆ ದಾಟುತ್ತಿದ್ದವು, ಪಾಪ. ಹಿಂತಿರುಗಿ ನೋಡಿದೆ. ನಾನು ಬಂದ ದಾರಿಯುದ್ದಕ್ಕೂ ಅವು ಹರಿದಾಡುತ್ತಿದ್ದವು. ಎಷ್ಟನ್ನು ತುಳಿದಿರುವೆನೆಂದು ಎಣಿಸುವ ಧೈರ್ಯವಾಗಲಿಲ್ಲ.

ವ್ಯಾಪಾರಿಯ ಮನಸ್ಸು ಒಡನೆಯೇ ಒಂದು ಸಮಾಧಾನವನ್ನು ಹುಡುಕಿತು. ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅವನಿಗೆ ಪೂರ್ಣವಾಗಿ ತಪ್ಪವು. ನಾನು ಕೊಲ್ಲಬೇಕೆಂದು ಓಡಲಿಲ್ಲವಷ್ಟೆ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಮುಂದಿಡುವುದು ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು. ಯತ್ನದಿಂದ ನಡೆಯುವವನ ಕಾಲಡಿಯಲ್ಲಿ ಜೀವವೊಂದು ಅಳಿದರೂ ಅವನು ಹಿಂಸಕನಲ್ಲ. ಎಚ್ಚರಗೆಟ್ಟು ನಡೆಯುವವನು ಯಾವ ಜೀವವೂ ಅಳಿಯದಿದ್ದರೂ ಹಿಂಸಕನೇ ಎಂಬುದು ಕುಂದಕುಂದಾಚಾರ್ಯರ ಅಭಿಪ್ರಾಯ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುವ ಈರ್ಯಾಸಮಿತಿಯೂ, ಮಳೆಗಾಲದಲ್ಲಿ ವಿಹಾರವನ್ನೇ ನಿಲ್ಲಿಸುವ ಚಾತುರ್ಮಾಸವೂ ಈ ಎಚ್ಚರದಿಂದಲೇ ಹುಟ್ಟಿದವು. ಆ ನಿಯಮ ಅವರಷ್ಟು ಕಟ್ಟುನಿಟ್ಟಾಗಿ ನನಗಿಲ್ಲ, ನಿಜ. ಆದರೆ ಆರು ನಿಮಿಷಕ್ಕಾಗಿ ಕಣ್ಣನ್ನು ನೆಲದಿಂದ ಎತ್ತಿದವನು ನಾನೇ.

ಅಲ್ಲಿ ನಿಂತಿದ್ದಾಗ ಹಳೆಯದೊಂದು ನೆನಪು ಎದ್ದಿತು. ಬಹಳ ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯಲ್ಲಿ, ಲೆಕ್ಕ ಮುಗಿಸುವ ಅವಸರದಲ್ಲಿ ನಗದು ಕಡಿಮೆ ಬಂದಿತ್ತು. ಪುಸ್ತಕವನ್ನು ಮತ್ತೊಮ್ಮೆ ನೋಡದೆ ಗುಮಾಸ್ತರನ್ನು ಎಲ್ಲರೆದುರು ಪ್ರಶ್ನಿಸಿದೆ. ಅವರು ಮಾತನಾಡದೆ ಹೊರಟುಹೋದರು. ಎರಡು ದಿನಗಳ ಮೇಲೆ ತಿಳಿಯಿತು, ಕೂಡಿಸುವಲ್ಲಿ ತಪ್ಪಿದವನು ನಾನು. ಕರೆಸಿ ಕೆಲಸಕ್ಕೆ ಮತ್ತೆ ಸೇರಿಸಿಕೊಂಡೆ. "ಲೆಕ್ಕದಲ್ಲಿ ತಪ್ಪಾಗಿತ್ತು" ಎಂದೆ. "ನಾನು ತಪ್ಪಿದೆ" ಎನ್ನಲಿಲ್ಲ. ಅವರನ್ನು ಕಳ್ಳನೆನ್ನುವ ಸಂಕಲ್ಪ ನನಗಿರಲಿಲ್ಲವೆಂದು ಇಷ್ಟು ಕಾಲ ಸಮಾಧಾನಪಟ್ಟುಕೊಂಡಿದ್ದೆ. ಬೂಟಿನ ಅಡಿಯನ್ನು ನೋಡಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ.

"ಮಗಾ, ಇನ್ನು ನಡೆದೇ ಹೋಗೋಣ" ಎಂದೆ. ಅವನು ಅಡಿಯನ್ನು ನೋಡಿದನು. ಏನೂ ಕೇಳದೆ ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡನು. ಉಳಿದ ದಾರಿಯನ್ನು ನೆಲ ನೋಡುತ್ತ ನಡೆದೆವು. ಮಳೆ ಇನ್ನೆರಡು ಬಾರಿ ಬಂದು ಹೋಯಿತು. ಅದು ಜೋರಾದಾಗ ಬಸ್ಸಿನ ತಂಗುದಾಣದಲ್ಲಿ ನಿಂತೆವು. ಫಲ್ಗುಣೀ ತೀರದ ವೇಣೂರನ್ನು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. 1604ರಲ್ಲಿ ಪ್ರತಿಷ್ಠಾಪಿತನಾದ 35 ಅಡಿಯ ಬಾಹುಬಲಿ ಸ್ವಾಮಿಯ ಪಾದದ ಬಳಿ ಕುಳಿತೆ. ಕಾಲ ಬಳಿ ಹುತ್ತ ಬೆಳೆದು ಬಳ್ಳಿ ಹಬ್ಬುವವರೆಗೆ ಒಂದು ವರ್ಷ ಕದಲದೆ ನಿಂತವನ ಮುಂದೆ ನನ್ನ ಆರು ನಿಮಿಷವನ್ನು ನೆನೆದು ನಾಚಿಕೆಯಾಯಿತು.

ಅಭ್ಯಾಸವನ್ನು ಬಿಟ್ಟಿಲ್ಲ. ಮಳೆಗಾಲ ಮುಗಿಯುವವರೆಗೆ ಮನೆಯ ಮೆಟ್ಟಿಲುಗಳೇ ನನಗೆ ಬೆಟ್ಟ. ಬಂಧುಗಳೇ, ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯ ದಿನ ನಾವು ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡುತ್ತೇವೆ. ನಾನೂ ಪ್ರತಿವರ್ಷ ಬೇಡಿದ್ದೇನೆ. ಎಲ್ಲರಿಗೂ ಹೇಳಿದ ಆ ಮಾತು ಅವರೊಬ್ಬರಿಗೆ ತಲುಪಿರಲಿಲ್ಲ. ಗುಮಾಸ್ತರು ಈಗ ವೃದ್ಧರು. ಅವರ ಮನೆ ನಮ್ಮಲ್ಲಿಂದ ಮೂರು ಮೈಲಿ. ಈ ಸಲ ಅಲ್ಲಿಗೆ ನಡೆದು ಹೋಗುವೆನು. ಶಿಖರ್ಜಿಯ 27 ಕಿಲೋಮೀಟರಿಗಿಂತ ಆ ಮೂರು ಮೈಲಿಯೇ ಕಠಿಣವೆಂದು ತೋರುತ್ತಿದೆ.